ಕೆಂಪು ದಾರದ ಪೀಪಿ

ನನ್ನ ಗಂಡ ಆರ್ಕೆಸ್ಟ್ರಾದಲ್ಲಿ ಓಬೋ ಊದುತ್ತಿದ್ದರು. ಮೊಳಕ್ಕಿಂತ ಸ್ವಲ್ಪ ಉದ್ದದ ಕಪ್ಪು ಮರದ ಕೊಳವೆ. ಕಾರ್ಯಕ್ರಮ ಶುರುವಾಗುವ ಮೊದಲು ಅವರು ಒಂದು ಸ್ವರ ಹಿಡಿದು ನಿಲ್ಲಿಸಬೇಕು. ಪಿಟೀಲಿನವರು, ತುತ್ತೂರಿಯವರು ಎಲ್ಲರೂ ಅದಕ್ಕೆ ಶ್ರುತಿ ಕೂಡಿಸಿಕೊಳ್ಳಬೇಕು. ಮದುವೆಯಾದ ಹೊಸದರಲ್ಲಿ ಅಲ್ಲಿಗೆಲ್ಲ ಇವರೇ ಯಜಮಾನರು ಅಂದುಕೊಂಡಿದ್ದೆ. ಸಂಬಳ ನೋಡಿದ ಮೇಲೆ ಅಲ್ಲವೆಂದು ಗೊತ್ತಾಯಿತು.

ಜನ ಇವರು ದಿನವಿಡೀ ಸಂಗೀತದಲ್ಲಿ ಮುಳುಗಿರುತ್ತಾರೆ ಅಂದುಕೊಳ್ಳುತ್ತಿದ್ದರು. ನಾನು ಕಂಡದ್ದು ಚಾಕು. ಆ ವಾದ್ಯದ ಬಾಯಿಗೆ ಜೊಂಡಿನಿಂದ ಮಾಡಿದ ಒಂದು ಸಣ್ಣ ತುಂಡು ಬೇಕು. ಅವರು ಅದನ್ನು ರೀಡು ಅನ್ನುತ್ತಿದ್ದರು, ನಾನು ಪೀಪಿ ಅನ್ನುತ್ತಿದ್ದೆ. ಅಂಗಡಿಯದು ಅವರಿಗೆ ಆಗಿಬರುತ್ತಿರಲಿಲ್ಲ. ಜೊಂಡು ಸೀಳಿ, ಮಡಚಿ, ಸಣ್ಣ ನಳಿಗೆಗೆ ದಾರದಿಂದ ಬಿಗಿದು, ತುದಿ ಹೆರೆಯಬೇಕು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಬೇಕು. ಒಂದು ಗೀರು ಹೆಚ್ಚಾದರೆ ಕಸದ ಬುಟ್ಟಿಗೆ. ಚೆನ್ನಾಗಿ ಬಂದದ್ದೂ ಎರಡು ವಾರ ಊದಿದರೆ ಮುಗಿಯಿತು. ಬೆಳಗ್ಗೆ ತಾಲೀಮು, ಸಂಜೆ ಕಾರ್ಯಕ್ರಮ, ನಡುವೆ ಅಡುಗೆಮನೆಯ ಮೇಜಿನ ಮೇಲೆ ಇದೇ ಕೆಲಸ. ನನ್ನ ಹಿಟ್ಟಿನಲ್ಲೆಲ್ಲ ಜೊಂಡಿನ ಪುಡಿ.

ಹೆರೆದದ್ದನ್ನು ಬಾಯಿಗಿಟ್ಟು ಕ್ವಾಕ್ ಕ್ವಾಕ್ ಎಂದು ಊದಿ ನೋಡುತ್ತಿದ್ದರು. ಮೇಲಿನ ಮನೆಯ ಅಜ್ಜಿ ಒಮ್ಮೆ ಮೆಟ್ಟಿಲಲ್ಲಿ ತಡೆದು ಕೇಳಿದರು, "ಏನಮ್ಮಾ, ಬಾತುಕೋಳಿ ಸಾಕಿದ್ದೀಯಾ?"

"ಸಾಕಿಲ್ಲ ಅಜ್ಜಿ, ಕಟ್ಕೊಂಡಿದ್ದೀನಿ."

ಇದನ್ನು ಗಂಡನಿಗೆ ಹೇಳಿದಾಗ ನನಗಿಂತ ಹೆಚ್ಚು ನಕ್ಕವರು ಅವರೇ.

ಅವರ ಪಕ್ಕದ ಕುರ್ಚಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಳು. ಊದುವುದರಲ್ಲಿ ಗಟ್ಟಿ, ಚಾಕು ಹಿಡಿಯಲು ಬಾರದು. ಅವಳಿಗೂ ಇವರೇ ಮಾಡಿಕೊಡುತ್ತಿದ್ದರು. ತಮ್ಮದಕ್ಕೆ ಕಪ್ಪು ದಾರ, ಅವಳದಕ್ಕೆ ಕೆಂಪು. ಕೆಂಪು ದಾರ ನನ್ನ ಹೊಲಿಗೆ ಡಬ್ಬಿಯದು.

ಕೊನೆಯ ಭಾನುವಾರ ಅವರಿಗೆ ರಜೆ ಇತ್ತು.

"ರೀ, ನದಿ ಕಡೆ ಹೋಗಿ ಬರೋಣ್ವಾ?" ಅಂದೆ.

"ಇವೆರಡು ಮುಗಿಸಿಬಿಡ್ತೀನಿ ಕಣೇ. ಶನಿವಾರ ಆ ಹುಡುಗಿ ಒಬ್ಬಳೇ ಊದೋ ಭಾಗ ಇದೆ. ಈ ಸಲ ಅವಳೇ ಊದಲಿ ಅಂತ ನಾನೇ ಹೇಳಿದ್ದೀನಿ."

"ಅವಳಿಗೇನು ಕೈ ಇಲ್ವಾ?"

"ಇದೆ. ಬೆರಳಿಗೆಲ್ಲ ಪಟ್ಟಿ ಕಟ್ಕೊಂಡಿದ್ದಾಳೆ."

ಕತ್ತಲಾಗುವವರೆಗೂ ಹೆರೆದರು. ಆರಲಿ ಎಂದು ಎರಡನ್ನೂ ಮೇಜಿನ ಮೇಲೇ ಬಿಟ್ಟರು. ಮರುದಿನ ತಾಲೀಮಿಗೆ ಹೋಗುವಾಗ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯವರೆಗೂ ಜೀವ ಉಳಿಯಲಿಲ್ಲ.

ಅಂತ್ಯಕ್ರಿಯೆ ಮುಗಿದ ಮರುದಿನ ಹುಡುಗಿ ಮನೆಗೆ ಬಂದಳು. ಕುರ್ಚಿಯ ತುದಿಯಲ್ಲಿ ಕುಳಿತಳು.

"ಅಮ್ಮಾ, ಈಗ ಕೇಳಬಾರದು. ಸರ್ ನನಗೆ ಎರಡು ರೀಡು ಮಾಡಿಡ್ತೀನಿ ಅಂದಿದ್ರು. ನನ್ನ ಹತ್ರ ಇರೋವೆಲ್ಲ ಸತ್ತೋಗಿವೆ..." ಅಂದವಳು ನಾಲಿಗೆ ಕಚ್ಚಿಕೊಂಡಳು.

"ಇಲ್ಲಮ್ಮ, ಏನೂ ಮಾಡಿಟ್ಟಿಲ್ಲ," ಅಂದೆ.

ಮೇಜಿನ ಮೇಲಿದ್ದ ಎರಡನ್ನೂ ನಾನು ಎತ್ತಿಟ್ಟಿದ್ದ ಅವರ ಪೀಪಿ ಡಬ್ಬಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ಅವಳ ಮೇಲೆ ನನಗೆ ಕೆಟ್ಟ ಸಂಶಯವೇನೂ ಇರಲಿಲ್ಲ. ನನ್ನ ಭಾನುವಾರ ಆ ಡಬ್ಬಿಯಲ್ಲಿತ್ತು. ಕೊಡಲು ಮನಸ್ಸು ಬರಲಿಲ್ಲ.

ಅವಳು ಹೋದ ಮೇಲೆ ಒಂದನ್ನು ತೆಗೆದು ಬಾಯಿಗಿಟ್ಟೆ. ಅವರ ಬಾಯಿ ತಾಗಿದ್ದು. ಕಚ್ಚಿ ಹಿಡಿದು ಜೋರಾಗಿ ಊದಿದೆ. ಚಟ್ಟೆಂದು ಸೀಳಿತು. ಒಣಗಿದ್ದನ್ನು ನೆನೆಸದೆ ಊದಬಾರದು. ಕೆಮ್ಮಿನ ಔಷಧಿಯ ಖಾಲಿ ಬಾಟಲಿಗೆ ನೀರು ಹಾಕಿ ಅವರು ದಿನಾ ನೆನೆಸುತ್ತಿದ್ದುದನ್ನು ನೋಡುತ್ತಲೇ ಕೂದಲು ನೆರೆಸಿಕೊಂಡವಳು ನಾನು. ಅದೂ ನೆನಪಾಗಲಿಲ್ಲ.

ಶುಕ್ರವಾರ ತಾಲೀಮಿನ ಜಾಗದಲ್ಲಿದ್ದ ಅವರ ಲಾಕರ್ ಖಾಲಿ ಮಾಡಲು ಆರ್ಕೆಸ್ಟ್ರಾದವರು ಕರೆದರು. ಹೋಗುವಾಗ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಕೊಡಲೆಂದು ಅಲ್ಲ. ಮನೆಯಲ್ಲಿ ಬಿಟ್ಟು ಬರಲು ಆಗಲಿಲ್ಲ.

ಲಾಕರಿನಲ್ಲಿ ಕಪ್ಪು ಕೋಟು, ಕಪ್ಪು ಬೂಟು, ಆ ಸೋಮವಾರ ಬೆಳಗ್ಗೆ ಮನೆಯಲ್ಲೆಲ್ಲ ಹುಡುಕಿ ಹುಡುಕಿ ಅವರು ನನ್ನನ್ನು ಬೈದಿದ್ದ ಕರವಸ್ತ್ರ. ಬಾಗಿಲಾಚೆ ತಾಲೀಮು ಶುರುವಾಗುವುದರಲ್ಲಿತ್ತು. ಸದ್ದು ನಿಂತಿತು. ಶ್ರುತಿಯ ಸ್ವರ ಬಂತು. ನಡುಗಿತು, ಒಡೆಯಿತು. ಮತ್ತೆ ಬಂತು, ಮತ್ತೆ ಒಡೆಯಿತು. ಯಾರೋ ಕಿಸಕ್ಕೆಂದರು.

"ಏನಮ್ಮಾ, ಈ ಗಂಟಲು ಕಟ್ಟಿದ ಕೋಳಿಗೆ ನಾವೆಲ್ಲ ಶ್ರುತಿ ಕೂಡಿಸಬೇಕಾ?" ಇದು ಮುಂದೆ ನಿಂತು ಕೋಲು ಆಡಿಸುವವರ ದನಿ. "ನಾಳೆ ಆಗಲ್ಲ ಅಂದ್ರೆ ಈಗಲೇ ಹೇಳಿ. ಹೊರಗಿನವರನ್ನ ಕರೆಸ್ತೀನಿ."

"ಸ್ವಲ್ಪ ಹೊತ್ತು ಕೊಡಿ ಸರ್."

ಹುಡುಗಿ ಹೊರಗೆ ಬಂದಳು. ನನ್ನನ್ನು ಕಂಡು ಮುಖ ಒರೆಸಿಕೊಂಡಳು. ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟೆ. ತೆರೆದಳು. ಒಂದು ಗುಳಿಯಲ್ಲಿ ಕೆಂಪು ದಾರದ ಪೀಪಿ, ಪಕ್ಕದ ಗುಳಿ ಖಾಲಿ. ಆ ಖಾಲಿ ಗುಳಿಯನ್ನೇ ನೋಡಿದಳು.

"ಇನ್ನೊಂದು..."

"ಒಂದೇ ಇತ್ತು," ಅಂದೆ.

ಅವಳು ನೀರಿನ ಬಾಟಲಿಯ ಮುಚ್ಚಳದಲ್ಲಿ ಪೀಪಿ ನೆನೆಸಿದಳು. ಅದು ನೆನೆಯುವಷ್ಟು ಹೊತ್ತು ಇಬ್ಬರೂ ಮುಚ್ಚಳವನ್ನೇ ನೋಡುತ್ತಾ ನಿಂತೆವು.

"ಅಂಥ ಹೊತ್ತಲ್ಲಿ ಮನೆಗೆ ಬಂದು ಕಾಟ ಕೊಟ್ಟೆ. ಕ್ಷಮಿಸಿ ಅಮ್ಮಾ," ಅಂದಳು.



ಅವಳು ಒಳಗೆ ಹೋದಳು. ಸ್ವರ ಬಂತು. ಅಲುಗಲಿಲ್ಲ. ಎಲ್ಲ ವಾದ್ಯಗಳೂ ಒಂದೊಂದಾಗಿ ಅದಕ್ಕೆ ಕೂಡಿಕೊಂಡವು. ಅವರ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಕೇಳಿಸಿಕೊಂಡೆ. ಒಂದು ಪೀಪಿ ಎರಡು ವಾರ ಬರುತ್ತದೆ. ಎರಡನ್ನೂ ಕೊಟ್ಟಿದ್ದರೆ ಇನ್ನೆರಡು ವಾರ ಬರುತ್ತಿತ್ತು.

ಮನೆಗೆ ಬಂದು ಅವರ ಚಾಕು, ಉಳಿದ ಜೊಂಡು, ಕೆಂಪು ದಾರದ ಉಂಡೆ ಎಲ್ಲವನ್ನೂ ಅವಳಿಗೆಂದು ಒಂದು ಚೀಲಕ್ಕೆ ತುಂಬಿದೆ. ಸೀಳಿದ ಪೀಪಿಯನ್ನೂ ಹಾಕಿದೆ. ಬಾಗಿಲವರೆಗೆ ಹೋಗಿ ಅದೊಂದನ್ನು ಹೊರಗೆ ತೆಗೆದೆ.