ಕಿರಿಮಂಜೇಶ್ವರದ ಮರಳಲ್ಲಿ ಹೂತ ಮನೆ

ವ್ಯಾನಿನೊಳಗೇ ಒಲೆ, ಹಾಸಿಗೆ ಕೂರಿಸಿಕೊಂಡು ನಾನೂ ನನ್ನ ಗಂಡನೂ ಊರು ಸುತ್ತಲು ಹೊರಟು ಇನ್ನೂ ವಾರವಾಗಿರಲಿಲ್ಲ. ಕಿರಿಮಂಜೇಶ್ವರದಲ್ಲಿ ಗೆಳತಿ ಸುಮತಿಯ ಮನೆಯ ಓಣಿಯೊಳಗೆ ವ್ಯಾನು ತೂರಲಿಲ್ಲ. ಇವರು ಅದನ್ನು ಕಡಲ ಕಡೆಗೆ ತಿರುಗಿಸಿದರು. ಬೇಡ ಅಂದೆ, ಕೇಳಲಿಲ್ಲ. ಹಿಂದಿನ ಚಕ್ರಗಳು ಮರಳಲ್ಲಿ ಹೂತವು. ಇಂಜಿನ್ ರೇಗಿಸಿದಷ್ಟೂ ಇನ್ನಷ್ಟು ಇಳಿದವು. ಕಡಲು ಏರುತ್ತಿತ್ತು.

ಸ್ವಲ್ಪ ದೂರದಲ್ಲಿ ಮೀನುಗಾರರು ಸಾಲಾಗಿ ನಿಂತು ಕಡಲಿಗೆ ಬಿಟ್ಟ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ಓಡಿಹೋಗಿ ಅಂಗಲಾಚಿದೆ. ಹಗ್ಗದ ತುದಿಯಲ್ಲಿದ್ದ ಹಿರಿಯರು ತಿರುಗಿಯೂ ನೋಡಲಿಲ್ಲ.

“ಅರ್ಧ ಎಳ್ದ್ ಬಲಿ ಬಿಟ್ಟ್ ಬಪ್ಪುಕೆ ಆತ್ತಾ ಅಮ್ಮ? ನೀವೂ ಹಗ್ಗ ಹಿಡ್ಕಣಿ. ಬಲಿ ಮೇಲ್ ಬರ್ಲಿ, ಮತ್ತೆ ಎಲ್ಲ ಸೇರಿ ಗಾಡಿ ಎಳುವ.”

ಇಬ್ಬರೂ ಹಗ್ಗ ಹಿಡಿದೆವು. ಹಿಂದೆ ಹಿಂದೆ ಹೆಜ್ಜೆಯಿಟ್ಟು ಎಳೆಯಬೇಕು, ಮುಖ ಕಡಲಿಗೇ. ಹಾಗಾಗಿ ನೊರೆ ಚಕ್ರ ದಾಟಿ ನಮ್ಮ ಬಾಗಿಲ ಮೆಟ್ಟಿಲನ್ನು ನೆಕ್ಕುವುದನ್ನು ಕಣ್ಣಾರೆ ನೋಡುತ್ತಲೇ ಎಳೆದೆವು. ಇವರ ಮುಖ ಬಿಳಿಚಿಕೊಂಡಿತ್ತು. ಬಯ್ಯುವುದನ್ನು ಆಮೇಲಕ್ಕಿಟ್ಟು ನಾನು ಹಗ್ಗ ಜಗ್ಗಿದೆ. ಬಲೆಗೆ ಮಾತ್ರ ಯಾವ ಅವಸರವೂ ಇರಲಿಲ್ಲ.

ಕೊನೆಗೂ ಅದು ದಡ ಸೇರಿತು. ಅದೇ ಹಗ್ಗ ಬಿಚ್ಚಿ ವ್ಯಾನಿಗೆ ಕಟ್ಟಿ, ‘ಐಲೇಸಾ’ ಎನ್ನುತ್ತ ಎಲ್ಲರೂ ಜಗ್ಗಿದರು. ಒಳಗಿನ ಪಾತ್ರೆಗಳೆಲ್ಲ ಉರುಳುತ್ತ ನಮ್ಮ ಮನೆ ಗಟ್ಟಿ ನೆಲಕ್ಕೆ ಬಂತು.

ತಪ್ಪಿಸಿಕೊಂಡು ಹೊರಟವರಂತೆ ವ್ಯಾನು ಹತ್ತುತ್ತಿದ್ದೆವು. ಹಿರಿಯರು ಕೂಗಿದರು.

“ಹ್ವಾಯ್, ಎಲ್ಲಿಗ್ ಹೊರಟ್ರಿ? ಹಗ್ಗ ಹಿಡ್ದವ್ರಿಗೆಲ್ಲ ಪಾಲಿತ್ತ್!”

ನನ್ನ ಬೊಗಸೆಗೆ ಜೀವಂತ ಬೈಗೆ ಮೀನು ಸುರಿದರು. ಇವರು ಒಳಗೆ ಓಡಿ, ಉರುಳಿಬಿದ್ದಿದ್ದ ಪಾತ್ರೆಗಳಲ್ಲಿ ಒಂದನ್ನು ತಂದು ಬೊಗಸೆಯ ಕೆಳಗೆ ಹಿಡಿದರು.