ಮನೆಗೆ ಹೋಗದ ಕಮ್ಮಾರ

ಪೀಣ್ಯದ ಫೋರ್ಜಿಂಗ್ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಕಾದ ಕಬ್ಬಿಣ ಬಡಿದು ಕೊಟ್ರಪ್ಪನ ಎಡಗಿವಿ ಕಿವುಡಾಗಿತ್ತು. ಊರಿಗೆ ಮರಳುವ ಮಾತನ್ನು ಅವನು ಆಡುವುದನ್ನೇ ಬಿಟ್ಟಿದ್ದ. ಒಂದು ಭಾನುವಾರ, ಲಗ್ಗೆರೆಯಲ್ಲಿ ತಾನು ಬಾಡಿಗೆಗಿದ್ದ ಮನೆಯ ಮಾಲೀಕರ ಮಗ ಅಂಬರೀಶ್ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟವನ್ನು ನೋಡುತ್ತ ಕೂತ.

“ಈ ಆಟದಲ್ಲಿ ಎಲ್ಲಾ ಥೇಟ್ ನಿಜವಾದ ಬದುಕಿನ ಥರಾನೇ ಇದೆ ಅಂತ ಊರೆಲ್ಲಾ ಹೊಗಳ್ತಾರೆ ಕಣಣ್ಣ. ಅಂಥದ್ದೇನಿಲ್ಲ ಇದ್ರಲ್ಲಿ,” ಎಂದು ಅಂಬರೀಶ್ ಗೊಣಗಿದ.

ಕೊಟ್ರಪ್ಪನ ಕಣ್ಣು ಆಟದೊಳಗಿನ ಕಮ್ಮಾರನ ಮೇಲೆ ನೆಟ್ಟಿತ್ತು. ಅವನು ಒಂದೇ ಸಮನೆ ಸುತ್ತಿಗೆ ಬಡಿಯುತ್ತಿದ್ದ. ಎಷ್ಟು ಬಡಿದರೂ ಕಬ್ಬಿಣ ಕೂದಲೆಳೆಯಷ್ಟೂ ಚಪ್ಪಟೆಯಾಗುತ್ತಿರಲಿಲ್ಲ.

“ಇಂವ ಮನಿಗೆ ಯಾವಾಗ ಹೋಗ್ತಾನ ತಮ್ಮಾ?” ಎಂದು ಕೇಳಿದ.

“ಅವ್ನು ಹೋಗಲ್ಲಣ್ಣ. ಯಾವಾಗ ನೋಡಿದ್ರೂ ಅಲ್ಲೇ ಇರ್ತಾನೆ.”

ಕೊಟ್ರಪ್ಪ ಪರದೆಯ ಹತ್ತಿರಕ್ಕೆ ಬಾಗಿ ಆ ಕಮ್ಮಾರನನ್ನು ಮತ್ತೊಮ್ಮೆ ನೋಡಿದ.

“ಹಂಗಾದ್ರ ಮಂದಿ ಹೊಗಳಿದ್ದು ಸುಳ್ಳಲ್ಲ ಬಿಡು,” ಎಂದ. “ನಮ್ಮ ಶೆಡ್ಡಿಗೆ ಬಂದು ನೋಡೇ ಈ ಆಟ ಮಾಡ್ಯಾರ.”