ಸಮುದ್ರಕ್ಕೂ ಪಂಚಾಂಗ ಬೇಕೆ?

ಜೀವಮಾನದಲ್ಲಿ ಮೊದಲ ಸಲ ಸಮುದ್ರ ಕಂಡವರು ಏನು ಮಾಡುತ್ತಾರೆ? ಓಡಿಹೋಗಿ ಕಾಲು ನೆನೆಸುತ್ತಾರೆ. ಸುಮ್ಮಸುಮ್ಮನೆ ಕೂಗುತ್ತಾರೆ. ಕೆಲವರು ಕೈಮುಗಿಯುತ್ತಾರೆ. ನಮ್ಮ ಕಮಲತ್ತೆ ಕೈಮುಗಿದು, ಸೀರೆಯ ನೆರಿಗೆ ಎತ್ತಿ ಹಿಡಿದು, ಸರಸರನೆ ಹಿಂದಕ್ಕೆ ಬಂದರು.

"ಇವತ್ತು ಬಿದಿಗೆ ಕಣೋ. ಮುಟ್ಟೋ ಹಾಗಿಲ್ಲ," ಎಂದರು.

ಕಾಪುವಿನ ದೀಪಸ್ತಂಭದ ಕೆಳಗೆ, ಕಣ್ಣು ಹಾಯಿಸಿದಷ್ಟು ದೂರವೂ ಜನರಿಲ್ಲದ ಮರಳಿನ ಮೇಲೆ ನಿಂತು ನಾನು ನನ್ನ ಹೆಂಡತಿ ಸರೋಜಳ ಮುಖ ನೋಡಿದೆ. ಅವಳು ಆಕಾಶ ನೋಡುತ್ತಿದ್ದಳು. (ಗಂಡನ ಪ್ಲಾನ್ ಕೆಟ್ಟಾಗ ಹೆಂಡತಿಯರು ನೋಡುವ ಆಕಾಶ ಅದು. ಮದುವೆಯಾದವರಿಗೆ ಗೊತ್ತು.)

ಕಮಲತ್ತೆ ನಮ್ಮ ತಂದೆಯ ತಂಗಿ. ಬಸವನಗುಡಿಯಲ್ಲಿ ಹುಟ್ಟಿ, ಬಸವನಗುಡಿಯಲ್ಲೇ ಮದುವೆಯಾಗಿ, ಈಗ ಜಯನಗರದಲ್ಲಿ ನಮ್ಮ ಜೊತೆ ಇದ್ದಾರೆ. ಅಂದರೆ ಅವರ ಅರವತ್ತು ಚಿಲ್ಲರೆ ವರ್ಷಗಳ ಜೀವನಯಾತ್ರೆಯೆಲ್ಲ ಒಂದು ಜಟಕಾ ಓಡುವಷ್ಟು ದೂರದಲ್ಲೇ ಮುಗಿದಿದೆ. ಅವರಿಗೆ ಇದ್ದದ್ದು ಒಂದೇ ಆಸೆ. "ಸಾಯೋದ್ರೊಳಗೆ ಒಂದ್ಸಲ ಸಮುದ್ರದಲ್ಲಿ ಕಾಲಿಡ್ಬೇಕು ಕಣೋ." ನೋಡುವುದಲ್ಲ, ಗಮನಿಸಿ. ಕಾಲಿಡುವುದು.

"ನೀರು ನೋಡೋಕೆ ಅಷ್ಟು ದೂರ ಯಾಕ್ರೀ? ಸಾರಕ್ಕಿ ಕೆರೆ ತುಂಬಿದೆಯಲ್ಲ!" ಎಂದರು ಎದುರುಮನೆಯ ರಾಯರು. ಅವರು ಹೋದ ವರ್ಷ ಮದರಾಸಿನ ಬೀಚಿಗೆ ಹೋಗಿ ಬಂದವರು. ಅಂದಿನಿಂದ ಯಾರ ಸಮುದ್ರವನ್ನೂ ಒಪ್ಪುವುದಿಲ್ಲ.

ನನಗೂ ಹಟ ಬಂತು. ಕಡಲೆ ಸುಂಡಲ್ ಮಾರುವವರ ನಡುವೆ ತೂರಿಕೊಂಡು ನೋಡುವ ಸಮುದ್ರ ಯಾರಿಗೆ ಬೇಕು? ಮಂಗಳೂರಿಗೆ ಹೋಗುವುದು. ಅಲ್ಲಿಂದ ಉತ್ತರಕ್ಕೆ ಊರಿಂದೂರಿಗೆ ಲೋಕಲ್ ಬಸ್ಸು. ಮನಸ್ಸು ಬಂದಲ್ಲಿ ಇಳಿಯುವುದು, ಸಮುದ್ರ ನೋಡುವುದು, ಮುಂದಿನ ಬಸ್ಸು ಹತ್ತುವುದು. ಆಫೀಸಿಗೆ ಲೀವ್ ಹಾಕಿದೆ. ಪೇಟೆಗೆ ಹೋಗಿ ಹೊಸ ಬೂಟು ಕೊಂಡೆ. (ಈ ಬೂಟು ನೆನಪಿರಲಿ.) ಹುಣ್ಣಿಮೆಯ ಸತ್ಯನಾರಾಯಣ ಪೂಜೆ ಮುಗಿಸಿಕೊಂಡು ಹೊರಟೆವು. ಪಂಚಾಂಗ ಒಂದನ್ನು ಮಾತ್ರ ನಾನು ನೋಡಲಿಲ್ಲ. ರಾಹುಕಾಲದಲ್ಲೇ ಬಸ್ಸು ಹತ್ತುವ ಧೀರ ನಾನು, ನೋಡುತ್ತೇನೆಯೇ?

ಅತ್ತೆಯ ಶಾಸ್ತ್ರ ಹೀಗಿದೆ. ಅಶ್ವತ್ಥ ಮರವನ್ನು ಶನಿವಾರ ಮಾತ್ರ ಮುಟ್ಟಬೇಕು. ಸಮುದ್ರವನ್ನು ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವಕಾಲದಲ್ಲಿ ಮಾತ್ರ ಮುಟ್ಟಬೇಕು. ಉಳಿದ ದಿನ ದೂರದಿಂದ ನಮಸ್ಕಾರ. ಇದು ಅವರಿಗೆ ಮೊದಲೇ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ಯಾತ್ರೆ ಎಂದ ಮೇಲೆ ಹದಿನೈದು ದಿನವಾದರೂ ಇರುತ್ತದೆ, ಅಮಾವಾಸ್ಯೆಗೆ ಕಡಲ ತೀರದಲ್ಲೇ ಇರುತ್ತೇವೆ ಎಂದು ಅವರು ನಂಬಿದ್ದರು. ನನಗೆ ಸಿಕ್ಕಿದ್ದು ಒಂದು ವಾರದ ಲೀವು. ಅದರಲ್ಲಿ ಹೋಗಿಬರುವ ಪ್ರಯಾಣವೂ ಸೇರಿದೆ.

"ಅತ್ತೆ, ಸಮುದ್ರಕ್ಕೆ ತಿಥಿ ಗೊತ್ತಿರತ್ತಾ?" ಎಂದು ವಾದ ಹೂಡಿದೆ.

"ಗೊತ್ತಿಲ್ದೇ ಏನೋ? ಹುಣ್ಣಿಮೆ ಬಂದ್ರೆ ಉಕ್ಕೋದು ಯಾರು, ನೀನಾ?"

ಸೋತೆ. ಮುಂದಿನ ಬಸ್ಸು ಹತ್ತಿದೆವು.

ಆ ಕಡೆಯ ಬಸ್ಸುಗಳ ಬಗ್ಗೆ ಹೇಳಲೇಬೇಕು. ತೆಂಗಿನ ತೋಟದೊಳಗಿಂದ ಯಾರೋ "ಬಂದೇ" ಎಂದು ಕೂಗಿದರೆ ಬಸ್ಸು ನಿಲ್ಲುತ್ತದೆ. ಕೂಗಿದವರು ಕಾಣುವುದಿಲ್ಲ. ತಲೆ ಬಾಚಿಕೊಳ್ಳುತ್ತಿರಬಹುದು. ಡ್ರೈವರು ಬೀಡಿ ಹಚ್ಚುತ್ತಾನೆ. ಕಂಡಕ್ಟರು ಯಾರದೋ ಮನೆಯ ಔಷಧಿ ಸೀಸೆಯನ್ನು ಇನ್ಯಾರದೋ ಜಗಲಿಯ ಮೇಲೆ ಇಟ್ಟು ಬರುತ್ತಾನೆ. ನಾನು ಗಡಿಯಾರ ನೋಡಿಕೊಂಡರೆ, "ಎಂಥ ಅರ್ಜೆಂಟ್ ಮಾರಾಯ್ರೆ? ಕಡಲು ಅಲ್ಲೇ ಉಂಟಲ್ಲ," ಎನ್ನುತ್ತಾನೆ. ನಮ್ಮ ಬಡಾವಣೆಯಲ್ಲಿ ಸ್ಟಾಪಿನಲ್ಲೇ ನಿಂತು ಎರಡೂ ಕೈ ಬೀಸಿದರೂ ಬಸ್ಸು ನಿಲ್ಲುತ್ತದೆಯೇ?

ಆದರೆ ಇಂಥ ಬಸ್ಸಿನಲ್ಲಿ ಮಡಿ ಅತ್ತೆಯ ಗತಿ ಏನು? ಪಕ್ಕದಲ್ಲಿ ಮೀನಿನ ಬುಟ್ಟಿ. ಮೊದಲ ಬಸ್ಸಿನಲ್ಲಿ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಗೆ ಅಂಟಿಕೊಂಡಿದ್ದರು. ಎರಡನೆಯದರಲ್ಲಿ ಬುಟ್ಟಿಯ ಒಡತಿಗೆ ತಮ್ಮ ಅವಲಕ್ಕಿ ಕೊಟ್ಟರು. ಮಲ್ಪೆ ದಾಟುವ ಹೊತ್ತಿಗೆ, "ಇದಕ್ಕೆ ನೀವು ಹುಣಿಸೇಹುಳೀನೇ ಹಾಕ್ತೀರಾ?" ಎಂದು ವಿಚಾರಿಸುತ್ತಿದ್ದರು. ಹಿಂದಿನ ಸೀಟಿನಿಂದ ನನ್ನ ನಗು ಕೇಳಿಸಿತೆಂದು ಕಾಣುತ್ತದೆ. "ಸುಮ್ನೆ ತಿಳ್ಕೊಳ್ಳೋಕೆ ಕೇಳಿದ್ದು," ಎಂದು ತಿರುಗಿ ಗದರಿದರು.

ಹೀಗೆ ಊರಿಂದೂರಿಗೆ ಇಳಿದು ಹತ್ತಿದೆವು. ಒಂದಕ್ಕಿಂತ ಒಂದು ಚೆಂದದ ತೀರ. ಪ್ರತಿಯೊಂದು ತೀರದಲ್ಲೂ ಅತ್ತೆ ಅಲೆ ತಲುಪದ ಕಡೆ ಜಮಖಾನ ಹಾಸಿ ಕೂತು, ಎವೆಯಿಕ್ಕದೆ ನೀರು ನೋಡುವರು. ಅಲೆ ಸ್ವಲ್ಪ ಮುಂದೆ ಬಂದರೆ ಜಮಖಾನ ಸ್ವಲ್ಪ ಹಿಂದೆ ಹೋಗುವುದು. "ನಾನೊಬ್ಬಳು ಹ್ಯಾಗೆ ಹೋಗ್ಲಿ?" ಎಂದು ಸರೋಜಳೂ ನೀರಿಗಿಳಿಯಲಿಲ್ಲ.

ಕೊನೆಯ ದಿನ ಕುಂದಾಪುರದಿಂದ ಮರವಂತೆಗೆ ಹೋದೆವು. ಅಲ್ಲಿ ರಸ್ತೆಯ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ನಡುವೆ ಬಸ್ಸು ಹೋಗಲು ದೇವರು ಒಂದಿಷ್ಟು ಜಾಗ ಬಿಟ್ಟಿದ್ದಾನೆ. ಬಸ್ಸಿನಿಂದಿಳಿದ ಅತ್ತೆ ಎಡಗಡೆಗೆ ಬಹಳ ಹೊತ್ತು ನೋಡಿದರು. ಮರುದಿನ ನಾವು ವಾಪಸು. ಅದು ಅವರಿಗೂ ಗೊತ್ತಿತ್ತು. ಬೈದಿದ್ದರೆ ವಾಸಿಯಿತ್ತು, ಬೈಯಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಇಷ್ಟು ದೂರ ಕರೆತಂದು ಎಲೆ ಹಾಕಿ ಬಡಿಸದೆ ಏಳಿಸಿದ ಹಾಗಾಯಿತಲ್ಲ ಎನಿಸಿತು.

"ಹೋಗ್ಲಿ ಬಿಡು. ನದಿಗೆ ತಿಥಿ ಬೇಡ," ಎಂದು ಅತ್ತೆ ಬಲಕ್ಕೆ ತಿರುಗಿದರು.

ಸರೋಜಳ ಕೈ ಹಿಡಿದು ಮೆಲ್ಲಗೆ ಹೊಳೆಗಿಳಿದರು. ಕಣ್ಣು ಮುಚ್ಚಿ ಏನೋ ಮಂತ್ರ ಹೇಳಿ, ಬೊಗಸೆಯಲ್ಲಿ ನೀರೆತ್ತಿ ಬಾಯಿಗಿಟ್ಟರು. ಮುಖ ಕಿವುಚಿಕೊಂಡಿತು. ಉಗುಳಲು ಹೊರಟವರು, ತೀರ್ಥವಲ್ಲವೇ ಎಂದು ಕಷ್ಟಪಟ್ಟು ನುಂಗಿದರು.

"ಸರೋಜಾ! ಇದು ಉಪ್ಪಿದೆ ಕಣೇ!"

ಹತ್ತಿರದ ದೋಣಿಯಲ್ಲಿದ್ದವನೊಬ್ಬ ನಕ್ಕ. "ಈಗ ಭರತ ಅಲ್ದಾ ಅಮ್ಮ? ಕಡ್ಲ್ ನೀರ್ ಹೊಳಿಗ್ ಬತ್ತ್."

ಭರತವೆಂದರೆ ಸಮುದ್ರ ಉಕ್ಕುವ ಹೊತ್ತು. ಆಗ ಕಡಲಿನ ನೀರು ಹೊಳೆಯೊಳಕ್ಕೆ ನುಗ್ಗಿಬರುತ್ತದೆ. ಅಂದರೆ ಅತ್ತೆ ಮೊಳಕಾಲುದ್ದ ಸಮುದ್ರದಲ್ಲೇ ನಿಂತಿದ್ದರು. ಅದೂ ಪರ್ವವಲ್ಲದ ದಿನ! ಇನ್ನು ಪ್ರಾಯಶ್ಚಿತ್ತ, ಹೋಮ, ಉಪವಾಸ ಎಲ್ಲ ಶುರುವಾಗುತ್ತದೆಂದು ಕಾದೆ.

ಅತ್ತೆ ಅಲ್ಲೇ ನಿಂತು ಯೋಚಿಸಿದರು. ಆಮೇಲೆ ನನ್ನನ್ನು ಪಾಟೀಸವಾಲಿಗೆ ಎಳೆದರು.

"ನಾನು ಸಮುದ್ರರಾಜನ್ನ ಮುಟ್ಲಿಲ್ಲ. ಅವನೇ ಇಲ್ಲಿಗೆ ಬಂದು ನನ್ನನ್ನ ಮುಟ್ಟಿದಾನೆ. ಹೌದೋ ಅಲ್ವೋ?"

"ಹೌದು ಅತ್ತೆ."

"ನಮ್ಮನ್ನ ನೋಡೋಕೆ ಬಂದೋರ ಮನೆಗೆ ನಾವೂ ಒಂದ್ಸಲ ಹೋಗಿ ಬರ್ಬೇಕೋ ಬೇಡ್ವೋ?"

ನಮ್ಮ ಜಯನಗರ, ಬಸವನಗುಡಿಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರವಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರ ಮನೆಗೆ ತಿರುಗಿ ಹೋಗಲಿಲ್ಲವೆಂದು ಜನ್ಮಪೂರ್ತಿ ಮಾತು ಬಿಟ್ಟವರಿದ್ದಾರೆ. ಶಾಸ್ತ್ರವನ್ನಾದರೂ ಮೀರಬಹುದು, ಮರ್ಯಾದೆಯನ್ನು ಮೀರಲಾದೀತೇ?

"ಹೋಗ್ಬೇಕು ಅತ್ತೆ," ಎಂದೆ.

ಅರವತ್ತು ಚಿಲ್ಲರೆ ವರ್ಷದ ಹೆಂಗಸು ರಸ್ತೆ ದಾಟಿದ ವೇಗ ನೋಡಬೇಕಿತ್ತು! ಸರೋಜ ಹಿಂದೆಯೇ ಓಡಿದಳು. ಮೊದಲ ಅಲೆ ಬಂದು ಅತ್ತೆಯ ಕಾಲು ತೊಳೆಯಿತು. ಎರಡನೆಯದು ಸೊಂಟದವರೆಗೆ ನೆನೆಸಿತು. ಅತ್ತೆ "ಅಯ್ಯೋ, ಅಯ್ಯಯ್ಯೋ!" ಎಂದು ಕಿರುಚಿ, ಸರೋಜಳನ್ನು ತಬ್ಬಿಕೊಂಡು, ಮತ್ತೆ ಮುಂದಕ್ಕೇ ಹೋದರು. ಅವರು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. (ಉಪ್ಪುಗಾಳಿ ಎಂದು ಆಮೇಲೆ ಸರೋಜಳಿಗೆ ಹೇಳಿದೆ.)

"ರೀ, ನೀವೂ ಬನ್ರೀ!" ಸರೋಜ ಕೂಗಿದಳು.

"ಬಂದೆ, ಬಂದೆ," ಎಂದೆ. ಆದರೆ ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಕೊಡೆ, ಹೆಗಲಿನ ಮೇಲೆ ಜಮಖಾನ. ಬೂಟು ಹೊಸದು, ಉಪ್ಪುನೀರು ತಾಗಿದರೆ ಚರ್ಮ ಕೆಡುತ್ತದೆ. ಬಿಚ್ಚಬಹುದಿತ್ತು, ಆದರೆ ಲೇಸು ಬಿಗಿಯಾಗಿತ್ತು. ಇಸ್ತ್ರಿ ಮಾಡಿದ ಪ್ಯಾಂಟನ್ನು ಮಡಿಸಿ ನಿಂತರೆ ಅಲ್ಲಿ ಬಲೆ ಹೆಣೆಯುತ್ತಿದ್ದವರು ಏನೆಂದುಕೊಂಡಾರು? ಇಷ್ಟು ಯೋಚಿಸುವಷ್ಟರಲ್ಲಿ ಬಸ್ಸು ಬಂತು. ಬಸ್ಸೇನೋ ಕಾಯಿತು. ಕಂಡಕ್ಟರು ಇಳಿದುಬಂದು, "ನಿಧಾನ ಆಗ್ಲಿ ಅಮ್ಮ," ಎಂದು ತಾನೂ ನಿಂತು ನೋಡಿದ. ನಾನು ಮಾತ್ರ ಎಲ್ಲರಿಗಿಂತ ಮೊದಲು ಹತ್ತಿ ಸೀಟು ಹಿಡಿದೆ.

ಅತ್ತೆ ಬಂದು ಪಕ್ಕದಲ್ಲಿ ಕೂತರು. ಸೀರೆಯಿಂದ ನೀರು ತೊಟ್ಟಿಕ್ಕಿ ಬಸ್ಸಿನಲ್ಲೆಲ್ಲ ಹರಿಯುತ್ತಿತ್ತು. ಅವರು ನನ್ನ ಪ್ಯಾಂಟು ನೋಡಿದರು. ಪಳಪಳ ಹೊಳೆಯುವ ಬೂಟು ನೋಡಿದರು.

"ನಂಗಾದ್ರೆ ಶಾಸ್ತ್ರ ಅಡ್ಡ ಇತ್ತು ಕಣೋ," ಎಂದರು. "ನಿಂಗೇನು ಅಡ್ಡ ಇತ್ತು?"